ಪತ್ತಾಯದ ಕಥೆಗೆ ಹಣ ಕೊಡುವ ಮೊದಲು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಂಬಳೆ ಪೇಟೆಯಿಂದ ವಾಟ್ಸಾಪಿನಲ್ಲಿ ಏಳು ಬೆಳ್ಳಿ ರೂಪಾಯಿಗಳ ಚಿತ್ರ ಕಳುಹಿಸಿ, "ಸರ್, ತೆಗೆದುಕೊಳ್ಳಲೇ? ಹಳೆಯ ಗುತ್ತಿನ ಮನೆಯ ಪತ್ತಾಯದಲ್ಲಿ ಸಿಕ್ಕಿದ್ದಂತೆ" ಎಂದು ಕೇಳಿದ. ಚಿತ್ರ ನೋಡಿ ನಾಣ್ಯದ ಸತ್ಯಾಸತ್ಯ ಹೇಳುವ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ಭತ್ತ ತುಂಬುವ ಆ ಮರದ ಪತ್ತಾಯದ ಕಥೆ ಮಾತ್ರ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಹನ್ನೊಂದು ವರ್ಷಗಳ ಹಿಂದೆ ಅದೇ ಕಥೆಗೆ ನಾನು ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟಿದ್ದೆ.

ನಾನು ಕೊಂಡದ್ದು ಆರನೆಯ ಜಾರ್ಜ್ ದೊರೆಯ 1939ನೇ ಇಸವಿಯ ರೂಪಾಯಿ. ಸಂಗ್ರಾಹಕರಿಗೆ ಆ ಇಸವಿಯ ಮಹತ್ವ ಹೇಳಬೇಕಾಗಿಲ್ಲ. ನೂರಕ್ಕೆ 91.7 ಭಾಗ ಬೆಳ್ಳಿಯಿದ್ದ ಹಳೆಯ ರೂಪಾಯಿಯ ಸರಣಿ ಅದರೊಂದಿಗೆ ಮುಗಿಯಿತು. 1940ರಿಂದ ಯುದ್ಧದ ಕಾರಣಕ್ಕೆ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧಕ್ಕೆ ತಾಮ್ರ, ನಿಕ್ಕಲ್ ಮತ್ತು ಸತುವನ್ನು ಸೇರಿಸಿ ಅಚ್ಚು ಹಾಕಿದರು. 1939ರದ್ದು ಕೈಗೆ ಸಿಗುವುದು ತೀರಾ ಅಪರೂಪ. ಮಾರಿದವರು ಸಭ್ಯರಂತೆ ಕಾಣುತ್ತಿದ್ದರು, ನಾನು ತಕ್ಕಡಿಯಲ್ಲಿಟ್ಟು ನೋಡಿದಾಗ ತೂಕ 11.66 ಗ್ರಾಂ ಸರಿಯಾಗಿಯೇ ಬಂತು, ಕಲ್ಲಿನ ಮೇಲೆ ಬಿಟ್ಟಾಗ ನಾದವೂ ಸರಿಯಿತ್ತು. ಖುಷಿಯಿಂದ ಮನೆಗೆ ತಂದು, ಮರುವಾರ ನಮ್ಮೂರಿನ ಬೆಳ್ಳಿ ಕೆಲಸದ ಆಚಾರ್ರಿಗೆ ತೋರಿಸಿದೆ. ಅವರು ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿ ತುಸು ಹೊತ್ತು ಸುಮ್ಮನಿದ್ದು, "ಮಾಷ್ಟ್ರೇ, ಬೆಳ್ಳಿ ಸರಿಯಾಗಿಯೇ ಉಂಟು. ಆದರೆ ಈ ಒಂಬತ್ತನ್ನು ನೋಡಿ, ಇದು ಹುಟ್ಟುವಾಗ ಎಂಟು" ಎಂದರು. 1938ರ ನಾಣ್ಯದ ಎಂಟರ ಕೆಳಗಿನ ಸೊನ್ನೆಯ ಎಡಭಾಗವನ್ನು ಸೂಕ್ಷ್ಮವಾಗಿ ಕೆತ್ತಿ ತೆಗೆದು ಒಂಬತ್ತು ಮಾಡಿದ್ದರು. ಕೆತ್ತಿದ ಜಾಗದಲ್ಲಿ ಸಣ್ಣ ತಗ್ಗು, ಅದರ ಸುತ್ತ ಬೇರೆಲ್ಲೂ ಇಲ್ಲದ ನುಣುಪು. ಒಮ್ಮೆ ಕಂಡ ಮೇಲೆ ಬರಿಗಣ್ಣಿಗೂ ಅದೇ ಕಾಣತೊಡಗಿತು.

ನಕಲಿ ನಾಣ್ಯವೆಂದರೆ ನಕಲಿ ಬೆಳ್ಳಿ ಎಂದಷ್ಟೇ ತಿಳಿದುಕೊಂಡಿದ್ದ ನನಗೆ ಅಂದು ಅರಿವಾದದ್ದು ಇಷ್ಟು: ಬೆಳ್ಳಿ ಅಪ್ಪಟವಾಗಿದ್ದೂ ನಾಣ್ಯ ಮೋಸವಾಗಿರಬಹುದು. ಬೆಳ್ಳಿಯ ಬೆಲೆಗಿಂತ ಹೆಚ್ಚಾಗಿ ನಾವು ಕೊಡುವ ಪ್ರತಿಯೊಂದು ರೂಪಾಯಿಯೂ ಇಸವಿಗೆ, ಅಚ್ಚು ಹಾಕಿದ ಟಂಕಸಾಲೆಯ ಗುರುತಿಗೆ, ಸ್ಥಿತಿಗೆ ಕೊಡುವ ಹಣ. ಆದ್ದರಿಂದ ಬೆಳ್ಳಿಯ ಪರೀಕ್ಷೆ ಬೇರೆ, ನಾಣ್ಯದ ಪರೀಕ್ಷೆ ಬೇರೆ. ಎರಡನ್ನೂ ಮಾಡದೆ ಹಣ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಬೆಳ್ಳಿಯ ಮಾತು. ನಮ್ಮ ಹಿರಿಯರು ತೊಲವೆಂದು ಕರೆಯುತ್ತಿದ್ದ ತೂಕವೇ ಈ ರೂಪಾಯಿಯ ತೂಕ, ಅಂದರೆ 11.66 ಗ್ರಾಂ, ಹಳೆಯ ಅಕ್ಕಸಾಲಿಗರು ರೂಪಾಯಿಯನ್ನೇ ತೂಕದ ಬಟ್ಟಾಗಿ ಇಡುತ್ತಿದ್ದರು. ಸವೆದ ನಾಣ್ಯ ಕೊಂಚ ಕಡಿಮೆ ತೂಗುತ್ತದೆ, ಹೆಚ್ಚು ತೂಗಿದರೆ ಅನುಮಾನಿಸಬೇಕು. ತೂಕ ಸರಿ ಬಂದರೂ ಸಾಲದು, ಏಕೆಂದರೆ ಅರ್ಧ ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೇ. ಇದಕ್ಕೆ ನಾನು ಮಾಡುವ ಕೆಲಸ ಯಾರ ಮನೆಯಲ್ಲಿಯೂ ಆಗುವಂಥದ್ದು. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಬೇಕು. ಆಗ ತಕ್ಕಡಿ ತೋರಿಸುವ ಅಂಕೆಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನನ್ನಲ್ಲಿರುವ 1918ರ ಐದನೆಯ ಜಾರ್ಜ್ ರೂಪಾಯಿ 11.61 ಗ್ರಾಂ ತೂಗುತ್ತದೆ. ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿ 1.13 ತೋರಿಸಿತು, ಅಂದರೆ ಸಾಂದ್ರತೆ ಸುಮಾರು 10.3. ಅರ್ಧ ಬೆಳ್ಳಿಯ 1943ರದ್ದು 11.64 ಗ್ರಾಂ, ನೀರಿನಲ್ಲಿ 1.22, ಸಾಂದ್ರತೆ ಸುಮಾರು 9.5. ಜಾತ್ರೆಯೊಂದರಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿಯೆಂದು ಮಾರುತ್ತಿದ್ದ, ಎರಕ ಹೊಯ್ದ ತುಣುಕನ್ನು ಕುತೂಹಲಕ್ಕೆಂದೇ ಇನ್ನೂರು ರೂಪಾಯಿಗೆ ಕೊಂಡು ಇಳಿಬಿಟ್ಟೆ. 10.21 ಗ್ರಾಂ, ನೀರಿನಲ್ಲಿ 1.17, ಸಾಂದ್ರತೆ 8.7. ಹೆಸರಿನಲ್ಲಿ ಮಾತ್ರ ಬೆಳ್ಳಿಯಿರುವ ಜರ್ಮನ್ ಸಿಲ್ವರಿನ ಲೆಕ್ಕ ಅದು. ಗಾಳಿಗುಳ್ಳೆ ನಾಣ್ಯಕ್ಕೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಎರಡು ಮೂರು ಸಲ ಮಾಡಿ ನೋಡಬೇಕು.

ಅಯಸ್ಕಾಂತವನ್ನು ಬಹಳ ಜನ ನೆಚ್ಚಿಕೊಂಡಿದ್ದಾರೆ. ಅಂಟಿದರೆ ಬೆಳ್ಳಿಯಲ್ಲ ಎನ್ನುವುದು ನಿಜ. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಈಗಲೂ ಬೆಳ್ಳಿಯೆಂದು ಮಾರುವವರಿದ್ದಾರೆ, ಅದು ನಿಕ್ಕಲ್, ಟಕ್ಕನೆ ಅಂಟುತ್ತದೆ. ಅಂಟದಿದ್ದರೆ ಬೆಳ್ಳಿ ಎನ್ನುವುದು ಮಾತ್ರ ನಿಜವಲ್ಲ. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ. ದೊಡ್ಡ ಆಭರಣದಂಗಡಿಗಳಲ್ಲಿರುವ, ಎಕ್ಸ್-ಕಿರಣದಿಂದ ಲೋಹವನ್ನು ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಒಳ್ಳೆಯದೇ, ಆದರೆ ಅದು ಮೇಲ್ಪದರವನ್ನಷ್ಟೇ ಓದುತ್ತದೆ; ದಪ್ಪ ಬೆಳ್ಳಿ ಲೇಪನ ಅದನ್ನೂ ಏಮಾರಿಸೀತು.

ಇನ್ನು ನಾಣ್ಯದ ಪರೀಕ್ಷೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಮೊದಲು ನೋಡಬೇಕಾದದ್ದು ದೊರೆಯ ಮುಖವನ್ನಲ್ಲ, ಅಂಚನ್ನು. ಎರಕದ ನಕಲಿಗೆ ಎರಡು ಅಚ್ಚುಗಳು ಕೂಡಿದ ಗೆರೆ ಅಂಚಿನ ಸುತ್ತ ಉಳಿಯುತ್ತದೆ, ಅದನ್ನು ಅರದಿಂದ ಉಜ್ಜಿದರೆ ಅಲ್ಲಿನ ಹಲ್ಲುಗೆರೆಗಳು ಓರೆಕೋರೆಯಾಗುತ್ತವೆ. ಮೈಮೇಲೆ ರವೆಯಂಥ ಒರಟು, ಸಣ್ಣ ಗುಳಿಗಳು, ಅಕ್ಷರಗಳ ಬುಡ ಕರಗಿದಂಥ ಮಂಕು ಇದ್ದರೆ ಅದು ಎರಕವೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದ ಭದ್ರತಾ ಅಂಚಿನ ರೂಪಾಯಿಗಳಲ್ಲಿ ಹಲ್ಲುಗೆರೆಗಳ ನಡುವೆ ಒಂದು ಕಾಲುವೆ ಓಡುತ್ತದೆ, ಕಳ್ಳನಾಣ್ಯ ತಡೆಯಲೆಂದೇ ಸರಕಾರ ಮಾಡಿದ್ದು ಅದು. ಅಂದರೆ ನಮ್ಮ ಈ ತಲೆನೋವು ಇಂದು ನಿನ್ನೆಯದಲ್ಲ. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ, ಮರುವರ್ಷ ಸೊಂಡಿಲನ್ನು ತಿದ್ದಿದರು. ತಿದ್ದಿದ ಆನೆಯ ಮೇಲೆ 1911 ಎಂಬ ಇಸವಿ ಕಂಡರೆ ಆ ನಾಣ್ಯವನ್ನು ಕೆಳಗಿಟ್ಟು ಬರಬೇಕು.

ನಮ್ಮ ಕಡೆಗೆ ವಿಶೇಷವಾದ ಒಂದು ದೋಷವಿದೆ. ಅಜ್ಜಿಯಂದಿರು ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುತ್ತಿದ್ದರು. ಆ ಕೊಂಡಿಯನ್ನು ಕಿತ್ತು, ಬೆಸುಗೆಯನ್ನು ಉಜ್ಜಿ, ಒಳ್ಳೆಯ ಸ್ಥಿತಿಯ ನಾಣ್ಯವೆಂದು ಮಾರುವವರು ಬೇಕಾದಷ್ಟಿದ್ದಾರೆ. ಕಿರೀಟದ ಮೇಲ್ಗಡೆಯ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಬಣ್ಣ ಬೇರೆ, ಹಲ್ಲುಗೆರೆ ಮಾಯ. ಅಂಥದ್ದು ನಕಲಿಯಲ್ಲ, ಮನೆಯ ನೆನಪಿಗೆ ಚಂದವೇ. ಆದರೆ ಅದರ ಬೆಲೆ ಬೆಳ್ಳಿಯ ಬೆಲೆಗಿಂತ ಬಹಳ ಮೇಲೆ ಹೋಗಬಾರದು. ಹುಳಿ, ಬೂದಿ ಹಾಕಿ ತಿಕ್ಕಿ ಹೊಳೆಯಿಸಿದ ನಾಣ್ಯದ ಗತಿಯೂ ಅದೇ.

ಗಲ್ಫಿನಿಂದ ಬರುವ ನಾಣ್ಯಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಕಾಸರಗೋಡಿನಲ್ಲಿ ಗಲ್ಫಿನ ನೆಂಟಸ್ತಿಕೆಯಿಲ್ಲದ ಓಣಿಯಿಲ್ಲ. 1960ರ ದಶಕದವರೆಗೆ ಆ ಕಡೆ ಭಾರತದ ರೂಪಾಯಿಯೇ ಓಡುತ್ತಿತ್ತು, ಹಾಗಾಗಿ ಹಳೆಯ ರೂಪಾಯಿಗಳು ಅಲ್ಲಿಂದ ಮರಳಿ ಬರುವುದರಲ್ಲಿ ಅಚ್ಚರಿಯಿಲ್ಲ. ಜೊತೆಗೆ ಬರುವುದು 1780 ಎಂದು ಬರೆದಿರುವ ಮರಿಯಾ ತೆರೇಸಾ ಥೇಲರ್, ಆಸ್ಟ್ರಿಯದ ರಾಣಿಯ ಹೆಸರಿನ ದೊಡ್ಡ ಬೆಳ್ಳಿ ನಾಣ್ಯ. ಅದನ್ನು ಇನ್ನೂರು ವರ್ಷಕ್ಕೂ ಹಳೆಯದೆಂದು ತಿಳಿದು ದೊಡ್ಡ ಬೆಲೆ ಕೊಡುತ್ತಾರೆ. ರಾಣಿ ಸತ್ತ ಬಳಿಕವೂ ಅದೇ ಇಸವಿಯನ್ನು ಹಾಕಿ ಆ ನಾಣ್ಯವನ್ನು ಅಚ್ಚು ಹಾಕುತ್ತಲೇ ಬಂದರು; 1940ರ ಹೊತ್ತಿಗೆ ನಮ್ಮ ಬೊಂಬಾಯಿ ಟಂಕಸಾಲೆಯಲ್ಲೂ ಹಾಕಿದ್ದುಂಟು. 28.07 ಗ್ರಾಂ ತೂಕ, ನೂರಕ್ಕೆ 83.3 ಬೆಳ್ಳಿ. ಅದು ನಕಲಿಯಲ್ಲ, ಹಳೆಯದೆಂಬ ಮಾತು ಮಾತ್ರ ಸುಳ್ಳು.

ಬೇಕಲ ಕೋಟೆಯ ಬಳಿ ಅಗೆಯುವಾಗ ಸಿಕ್ಕಿದ ಟಿಪ್ಪುವಿನ ರೂಪಾಯಿ ಎಂಬುದು ನಮ್ಮಲ್ಲಿ ಓಡುವ ಇನ್ನೊಂದು ಕಥೆ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ್ದ. ನಕಲಿ ಮಾಡುವವರಲ್ಲಿ ಅರ್ಧ ಜನ ಅಷ್ಟನ್ನೂ ಓದಿಕೊಂಡಿರುವುದಿಲ್ಲ. ಅಲ್ಲದೆ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿದೆ. ಕಥೆ ಸುಳ್ಳಾದರೆ ನಮ್ಮ ಹಣ ಹೋಯಿತು, ನಿಜವಾದರೆ ಪೊಲೀಸರು ಬಂದರು. ರಾಮ, ಹನುಮಂತರಿರುವ ಈಸ್ಟ್ ಇಂಡಿಯಾ ಕಂಪೆನಿಯ 1818ರ ನಾಣ್ಯದ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ. ಕಂಪೆನಿ ಅಂಥದ್ದನ್ನು ಹೊರಡಿಸಲೇ ಇಲ್ಲ.

ಹಾಗಾದರೆ ಕೊಳ್ಳುವುದು ಎಲ್ಲಿ? ಹೊಸದಾಗಿ ತೊಡಗುವವರು ಅಪರೂಪದ ಇಸವಿಯ ಗೊಡವೆಗೆ ಹೋಗದೆ, 1917, 1918, 1919ರಂಥ ಧಾರಾಳವಾಗಿ ಸಿಗುವ ರೂಪಾಯಿಗಳನ್ನು ಮೂರು ನಾಲ್ಕು ಕೊಂಡು, ಒಂದು ವರ್ಷ ಅವನ್ನೇ ತಿರುವಿ ನೋಡುತ್ತಿರಬೇಕು. ಸಾಮಾನ್ಯವೆಂದು ಅವು ಸಪ್ಪೆಯೇನಲ್ಲ: ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಬೆಳ್ಳಿ ಸಾಲದಾದಾಗ ಅಮೆರಿಕವು 1918ರ ಕಾಯಿದೆಯೊಂದರ ಮೂಲಕ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು, ಆ ಬೆಳ್ಳಿಯ ಬಹುಪಾಲು ಭಾರತಕ್ಕೇ ಬಂತು. ಸ್ಮರಣಾರ್ಥ ನಾಣ್ಯ ಬೇಕಾದವರು ಭಾರತ ಸರಕಾರದ ಟಂಕಸಾಲೆಯ ಜಾಲತಾಣದಿಂದಲೇ ನೇರವಾಗಿ ತರಿಸಿಕೊಳ್ಳಬಹುದು. ಹಳೆಯ ನಾಣ್ಯವಾದರೆ ಬಿಲ್ಲು ಕೊಡುವ, ನಕಲಿಯೆಂದು ತೋರಿದರೆ ಇಂತಿಷ್ಟು ದಿನದೊಳಗೆ ಹಣ ಮರಳಿಸುವುದಾಗಿ ಬರೆದುಕೊಡುವ ವ್ಯಾಪಾರಿಯಿಂದ ಮಾತ್ರ. ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಎನ್‌ಜಿಸಿ, ಪಿಸಿಜಿಎಸ್ ಎಂಬ, ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳ ಮೊಹರಿನ ಪೆಟ್ಟಿಗೆಯಲ್ಲಿ ಬಂದ ನಾಣ್ಯವಾದರೂ, ಅದರ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಕಾಣುವ ಚಿತ್ರವೂ ಕೈಯಲ್ಲಿರುವ ನಾಣ್ಯವೂ ಒಂದೇ ಹೌದೋ ಎಂದು ಹೋಲಿಸಬೇಕು. ಪೆಟ್ಟಿಗೆಯನ್ನೂ ನಕಲು ಮಾಡುತ್ತಾರೆ. ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಕರೆ ಮಾಡುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾವಸ್ತು. ಮಗನಿಗೆಂದು ದುಬೈಗೆ ಹೋಗುವ ಚೀಲದಲ್ಲಿ ಅದನ್ನು ಹಾಕಿಬಿಡಬೇಡಿ.

ಆ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಫೋನಿನಲ್ಲಿ ಹೇಳಲು ವ್ಯವಧಾನವಿರಲಿಲ್ಲ. ಪಕ್ಕದ ಬೆಳ್ಳಿ ಅಂಗಡಿಗೆ ಒಯ್ದು ಏಳನ್ನೂ ಬೇರೆಬೇರೆಯಾಗಿ ತೂಗಿಸು, ಆಮೇಲೆ ಮಾತಾಡೋಣ ಎಂದೆ. ಹತ್ತು ನಿಮಿಷದಲ್ಲಿ ಮತ್ತೆ ಕರೆ ಬಂತು. "ತೂಗಲು ಬಿಡುವುದಿಲ್ಲವಂತೆ ಸರ್, ನಂಬಿಕೆಯಿದ್ದರೆ ತೆಗೆದುಕೊಳ್ಳಿ ಅಂತಾರೆ."

"ಹಾಗಾದರೆ ಬಸ್ಸು ಹತ್ತು" ಎಂದೆ.