ಬಣ್ಣ ನೋಡಿ ಕಲ್ಲಿನ ಜಾತಿ ಹೇಳಬೇಡಿ ಮಾರಾಯ್ರೇ

‘ಹಳದಿ ಸಾಣೆಕಲ್ಲು ಸಿಕ್ಕಿದರೆ ಬೆಲ್ಜಿಯಂನ ಕೋಟಿಕ್ಯೂಲ್ ಎಂದೇ ತಿಳಿಯಿರಿ, ನಡು ತಗ್ಗಿದ್ದರೆ ಸಮ ಮಾಡಲು ಸಿಮೆಂಟ್ ನೆಲಕ್ಕೆ ಉಜ್ಜಿ’ ಅಂತ ಬರೆದಿದ್ದೀರಿ. ಎರಡನ್ನೂ ಒಪ್ಪಲಾರೆ.

ಮಂಗಳೂರು ಬಂದರಿನ ಗುಜರಿಯಲ್ಲಿ ನನಗೆ ಸಿಕ್ಕಿದ್ದೂ ಹಳದಿಯೇ. ಎರಡು ದಿನ ಸೋಪು ನೀರಲ್ಲಿ ನೆನೆಸಿ ತಿಕ್ಕಿದಾಗ ಆ ಹಳದಿಯೆಲ್ಲ ಹಳೇ ಎಣ್ಣೆ ಜಿಡ್ಡು ಅಂತ ಗೊತ್ತಾಯಿತು! ಒಳಗೆ ಬೂದುಬಿಳಿ, ಅಂಚಿಗೆ ಟಾರ್ಚ್ ಹಿಡಿದರೆ ಬೆಳಕು ಒಳಗಿಳಿಯುತ್ತದೆ. ಅಮೆರಿಕದ ಅರ್ಕಾನ್ಸಾ ಕಲ್ಲು. ಅನುಮಾನವಿದ್ದರೆ ತೂಕ ಮಾಡಿ, ನೀರಲ್ಲಿ ಮುಳುಗಿಸಿ ಸಾಂದ್ರತೆ ಲೆಕ್ಕ ಹಾಕಿ. ಅರ್ಕಾನ್ಸಾ ನೀರಿನ 2.65 ಪಟ್ಟು ದಾಟುವುದಿಲ್ಲ, ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳು ತುಂಬಿದ ಕೋಟಿಕ್ಯೂಲ್ ಅದಕ್ಕಿಂತ ಸ್ಪಷ್ಟವಾಗಿ ಭಾರ.

ಸಿಮೆಂಟ್ ನೆಲವೇ ಸಮತಟ್ಟಲ್ಲ, ಅದರ ಮರಳು ಬೇರೆ ಗೀರುತ್ತದೆ. ಅಡುಗೆಮನೆಯ ಕಡಪ ಕಲ್ಲೂ ಆಗುವುದಿಲ್ಲ: ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ, ಅಡಿಯಲ್ಲಿ ಬೆಳಕು ಕಾಣುತ್ತಿತ್ತು. ದಪ್ಪ ಗಾಜು ಬೇಕು. ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಗೆರೆ ಎಳೆದು, ಎಲ್ಲ ಗೆರೆ ಅಳಿಯುವ ತನಕ ಉಜ್ಜಬೇಕು. ಕೋಟಿಕ್ಯೂಲ್‌ಗೆ ಗಾಜಿನ ಮೇಲೆ 220, ಆಮೇಲೆ 400, 600 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಇಟ್ಟರೆ ಸಾಕು. ಅರ್ಕಾನ್ಸಾ ಮಾತ್ರ ಪೇಪರನ್ನೇ ತಿಂದುಹಾಕುತ್ತದೆ, ಅದಕ್ಕೆ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಉಜ್ಜುಪುಡಿಯೇ ಆಗಬೇಕು. ನನಗೆ ಮೂರು ಭಾನುವಾರ ಹಿಡಿಯಿತು. ಕಲ್ಲಿನ ಅಂಚುಗಳನ್ನು ಸ್ವಲ್ಪ ದುಂಡಗೆ ಮಾಡಿ, ಇಲ್ಲದಿದ್ದರೆ ಕ್ಷೌರದ ಕತ್ತಿಯ ಅಲಗು ಚಕ್ಕೆ ಏಳುತ್ತದೆ. ನೀರು ಹಾಕಿಯೇ ಉಜ್ಜಿ, ಅರ್ಕಾನ್ಸಾ ಕಲ್ಲು ಬಹುಪಾಲು ಸಿಲಿಕಾ. ಒಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.