ಅಮ್ಮನಿಗೆ ಢಾಕಾ ತೋರಿಸಿದರು

ನಮ್ಮಮ್ಮ ಹೊಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನೆಂಟು ವರ್ಷ ಹೊಲಿದಳು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕು, ಎದ್ದರೆ ಮೆಷಿನ್ ಮುಂದೆ ಪೀಸ್ ಗುಡ್ಡೆ ಬೀಳುತ್ತೆ. ಹಾಗಾಗಿ ಬೆಳಿಗ್ಗೆ ತುಂಬಿಕೊಂಡು ಹೋದ ಬಾಟಲಿ ಎಷ್ಟೋ ದಿನ ಸಂಜೆ ಹಾಗೇ ವಾಪಸ್ ಬರುತ್ತಿತ್ತು.

ನಾನು ಅದೇ ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಮೊದಲ ತಿಂಗಳ ಸಂಬಳವೇ ಅಮ್ಮನದರ ಮೂರು ಪಟ್ಟು. ಅವಳ ಶರ್ಟೂ ಅಮೆರಿಕಕ್ಕೆ, ನನ್ನ ಕೋಡೂ ಅಮೆರಿಕಕ್ಕೆ.

ಜಾಗತೀಕರಣದಿಂದ ಬಡದೇಶಗಳು ಮೇಲೆ ಬಂದವು ಎಂಬ ಮಾತು ಕೇಳಿದಾಗೆಲ್ಲ ಈ ಎರಡು ಪೇ ಸ್ಲಿಪ್ ನೆನಪಾಗುತ್ತವೆ. ಮಾತು ಸುಳ್ಳಲ್ಲ. ಅರ್ಥಶಾಸ್ತ್ರಜ್ಞರಾದ ಬ್ರಾಂಕೊ ಮಿಲಾನೊವಿಚ್ ಮತ್ತು ಕ್ರಿಸ್ಟೋಫ್ ಲಾಕ್ನರ್ 1988ರಿಂದ 2008ರವರೆಗೆ ಲೋಕದ ಬಡವರಿಂದ ಸಿರಿವಂತರವರೆಗೆ ಯಾರ ಆದಾಯ ಎಷ್ಟು ಏರಿತು ಎಂದು ಲೆಕ್ಕ ಹಾಕಿದಾಗ ಬಂದ ಗೆರೆ ಆನೆಯ ಹಾಗಿತ್ತು. ಬೆನ್ನಿನ ಎತ್ತರದಲ್ಲಿ ಚೀನಾ ಮೊದಲಾದ ಏಷ್ಯಾದ ಜನ, ಸೊಂಡಿಲು ಇಳಿದ ಕಡೆ ಶ್ರೀಮಂತ ದೇಶಗಳ ಕೆಳ ಮಧ್ಯಮವರ್ಗ, ಮೇಲೆತ್ತಿದ ತುದಿಯಲ್ಲಿ ಇಡೀ ಜಗತ್ತಿನ ಶೇ 1 ಸಿರಿವಂತರು. ದೇಶ ದೇಶಗಳ ನಡುವಿನ ಅಂತರ ಕುಗ್ಗಿತು, ನಿಜ. ಆದರೆ ಚೀನಾದಲ್ಲಿ ಕೋಟಿಗಟ್ಟಲೆ ಜನ ಬಡತನ ದಾಟಿದ ಕಾಲದಲ್ಲೇ ಕರಾವಳಿ ನಗರಕ್ಕೂ ಒಳನಾಡಿನ ಹಳ್ಳಿಗೂ ನಡುವೆ ಕಂದಕ ಹಿಗ್ಗಿತು. ಭಾರತದಲ್ಲಿ 2022-23ರ ಒಟ್ಟು ಆದಾಯದಲ್ಲಿ ಶೇ 22.6ರಷ್ಟು ಮೇಲಿನ ಶೇ 1 ಮಂದಿಯದು ಎಂದು ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಮತ್ತು ಜೊತೆಗಾರರ ಅಂದಾಜು.

ಯಾಕೆ ಹೀಗೆ? ನನ್ನ ಕೆಲಸದ ಬೆಲೆ ಕಟ್ಟುವಾಗ ಪಕ್ಕದಲ್ಲಿಡುವುದು ಕ್ಯಾಲಿಫೋರ್ನಿಯಾದ ಇಂಜಿನಿಯರನ್ನು. ಅವರಿಗೆ ಕೊಡುವುದರಲ್ಲಿ ಸಣ್ಣ ಪಾಲು ಕೊಟ್ಟರೂ ಇಲ್ಲಿ ನಾನು ಅನುಕೂಲಸ್ಥೆ. ಅಮ್ಮನ ಪಕ್ಕದಲ್ಲಿಡುವುದು ಢಾಕಾದ ಹೆಣ್ಣುಮಗಳನ್ನು. ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಬಹುದು ಎಂದು ಶ್ರೀಮಂತ ದೇಶಗಳು ಮಿತಿ ಹಾಕುತ್ತಿದ್ದ ಜವಳಿ ಕೋಟಾ ಪದ್ಧತಿ 2005ರ ಜನವರಿ 1ಕ್ಕೆ ಮುಗಿದ ಮೇಲಂತೂ ಆರ್ಡರು ಎಲ್ಲಿ ಅಗ್ಗವೋ ಅಲ್ಲಿಗೆ. ಸಂಬಳ ಕೇಳಿದರೆ ಸೂಪರ್‌ವೈಸರ್ ಬಾಯಲ್ಲಿ ಒಂದೇ ಮಾತು: "ಕೆಲಸ ಬಾಂಗ್ಲಾಕ್ಕೆ ಹೋಗುತ್ತೆ ನೋಡಮ್ಮ."

2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಅನೇಕ ಕಾರ್ಖಾನೆಗಳ ಹೆಣ್ಣುಮಕ್ಕಳು ಬಾಕಿಗಾಗಿ 2022ರವರೆಗೆ ಕಾದರು. ನಮ್ಮ ಆಫೀಸಿನಲ್ಲಿ ಒಂದು ಟೀಮ್ ಊಟಕ್ಕೆ ತಲೆಗೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಏಷ್ಯಾದ ಎಲ್ಲ ಗಾರ್ಮೆಂಟ್ಸ್ ದೇಶಗಳಿಗೂ ಸೇರಿ ಒಂದು ಕನಿಷ್ಠ ಕೂಲಿಯ ಮಟ್ಟ ಬೇಕು ಎಂದು ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ನನಗೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ. ಶರ್ಟಿನ ಬೆಲೆಯಲ್ಲಿ ಹೊಲಿಗೆ ಕೂಲಿ ತೀರಾ ಸಣ್ಣ ಪಾಲು, ಅದನ್ನು ಎರಡು ಪಟ್ಟು ಮಾಡಿದರೂ ನ್ಯೂಯಾರ್ಕಿನಲ್ಲಿ ಕೊಳ್ಳುವವರಿಗೆ ದೊಡ್ಡ ಹೊರೆಯೇನಲ್ಲ. ಅಷ್ಟಾದರೆ ಬೆಂಗಳೂರಿನವಳಿಗೆ ಢಾಕಾ ತೋರಿಸಿ, ಢಾಕಾದವಳಿಗೆ ಬೆಂಗಳೂರು ತೋರಿಸಿ ಬಾಯಿ ಮುಚ್ಚಿಸಲು ಆಗುವುದಿಲ್ಲ.