ಇಪ್ಪತ್ತಕ್ಕೆ ಹದಿನಾರೂವರೆ

ಗ್ಲಾಸಿಗೆ ಆಕೆ ಬಗ್ಗಿಸಲು ಹೊರಟಿದ್ದು ಉದ್ಧರಣೆಯಲ್ಲಿ ತೀರ್ಥ ಕೊಡುವಷ್ಟೇ. ಅಭ್ಯಾಸಬಲ, ನನ್ನ ಬಲಗೈ ತಾನಾಗಿ ಮುಂದೆ ಹೋಯಿತು, ಎಡಗೈ ಅದರ ಕೆಳಗೆ ಸೇರಿತು. ಪುಣ್ಯಕ್ಕೆ ಆಕೆ ನೋಡಲಿಲ್ಲ. ನೋಡಿದ ಸೋದರಳಿಯ ಆ ಕಡೆ ಮುಖ ತಿರುಗಿಸಿ ನಕ್ಕ. ಅಡಿಲೇಡಿನಿಂದ ಒಂದು ಗಂಟೆ ಕಾರಿನಲ್ಲಿ ಬಂದು ಬರೋಸಾ ಕಣಿವೆಯ ಒಂದು ದ್ರಾಕ್ಷಿತೋಟದಲ್ಲಿ ನಿಂತಿದ್ದೆವು. ವೈನ್ ರುಚಿ ತೋರಿಸುವ ಇಂಥ ಕಡೆಗೆ ಅಲ್ಲಿ ಸೆಲ್ಲರ್ ಡೋರ್ ಅಂತಾರೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳನ್ನು ಕಟ್ಟುಗಟ್ಟಲೆ ತಿದ್ದಿದ ಕೈ ನನ್ನದು. ಅದು ಗೊತ್ತಿದ್ದೇ ಅಳಿಯ ಕೆಣಕಿದ: "ಮಾವ, ಇಲ್ಲಿ ವೈನಿಗೂ ಮಾರ್ಕ್ಸ್ ಹಾಕ್ತಾರೆ. ನೀವೂ ಹಾಕಿ ನೋಡುವ." ಆಸ್ಟ್ರೇಲಿಯದ ವೈನ್ ಸ್ಪರ್ಧೆಗಳ ಹಳೆಯ ಲೆಕ್ಕ ಒಟ್ಟು 20 ಅಂಕಗಳದ್ದು. ಬಣ್ಣಕ್ಕೆ 3, ವಾಸನೆಗೆ 7, ಬಾಯಿಗೆ 10. 15.5 ಬಂದರೆ ಕಂಚು, 17ಕ್ಕೆ ಬೆಳ್ಳಿ, 18.5 ಮುಟ್ಟಿದರೆ ಚಿನ್ನ. ನೂರಕ್ಕೆ 35 ಬಂದವರನ್ನು ಬೆನ್ನು ತಟ್ಟಿ ಕಳಿಸಿದವನಿಗೆ ಈ ಮಟ್ಟ ಸ್ವಲ್ಪ ಕಠಿಣವೇ ಅನ್ನಿಸಿತು.

ಎದುರಿಗಿದ್ದದ್ದು ಕ್ಯಾಬರ್ನೆ ಸಾವಿನ್ಯೊನ್ ಮತ್ತು ಶಿರಾಜ್ ಎಂಬ ಎರಡು ದ್ರಾಕ್ಷಿ ತಳಿಗಳನ್ನು ಸೇರಿಸಿದ ಕೆಂಪು ವೈನ್. ಬೆರಕೆ ಎನ್ನಬಹುದಿತ್ತು. ಆದರೆ ಕನ್ನಡದಲ್ಲಿ ಬೆರಕೆ ಎಂದ ಕೂಡಲೇ ಅದರ ಬೆನ್ನಿಗೇ ಕಲಬೆರಕೆ ಬಂದು ನಿಲ್ಲುತ್ತದೆ, ಕಾಳುಮೆಣಸಿನಲ್ಲಿ ಪರಂಗಿ ಬೀಜ ಹಿಡಿದುಕೊಂಡು. ಈ ಎರಡೂ ಫ್ರಾನ್ಸಿನ ಮನೆತನದವೇ. ಕ್ಯಾಬರ್ನೆ ಬೋರ್ಡೊ ಕಡೆಯದು, ಶಿರಾಜ್ ರೋನ್ ಕಣಿವೆಯದು. ಅಲ್ಲಿ ಅದನ್ನು ಸಿರಾ ಎಂದು ಕರೆಯುತ್ತಾರೆ. ತವರಿನಲ್ಲಿ ಕಟ್ಟಳೆ ಬಿಗಿ, ಬೋರ್ಡೊ ಹೆಸರು ಹೊತ್ತ ಸೀಸೆಯೊಳಗೆ ಸಿರಾಗೆ ಪ್ರವೇಶವಿಲ್ಲ. ಜೇಮ್ಸ್ ಬಸ್ಬಿ ಎಂಬಾತ ಫ್ರಾನ್ಸು, ಸ್ಪೇನು ಸುತ್ತಿ ಕೂಡಿಹಾಕಿದ ಬಳ್ಳಿಯ ಕಡ್ಡಿಗಳು 1832ರಲ್ಲಿ ಸಿಡ್ನಿಗೆ ಬಂದಿಳಿದವು. ಅಷ್ಟು ದೂರ ಬಂದ ಮೇಲೆ ಕೇಳುವ ಹಿರಿಯರು ಯಾರು? ಮುಂದೆ ಇಲ್ಲಿಯವರು ಎರಡನ್ನೂ ಜೋಡಿ ಮಾಡಿಬಿಟ್ಟರು. ಈ ಕತೆ ಹೇಳುವಾಗ ಅಳಿಯ ನನ್ನ ಮುಖ ನೋಡಲಿಲ್ಲ. ಅವನ ಹೆಂಡತಿ ಪಂಜಾಬಿನವಳು. ಆ ಮದುವೆಗೆ ಮೊದಲು ನಮ್ಮ ಜಗುಲಿಯಲ್ಲಿ ನಡೆದ ಮಾತುಕತೆಯಲ್ಲಿ ನಾನು ಯಾರ ಕಡೆ ಕೂತಿದ್ದೆ ಎನ್ನುವುದು ಅವನಿಗೆ ಗೊತ್ತು.

ಜೋಡಿ ಮಾಡುವುದಕ್ಕೂ ಕಾರಣವಿದೆಯಂತೆ. ಕ್ಯಾಬರ್ನೆ ಗತ್ತಿನಿಂದ ಶುರುವಾಗಿ ನಡುವೆ ಬಡಕಲಾಗುತ್ತದೆ, ಆ ಪೊಳ್ಳನ್ನು ಶಿರಾಜ್ ತುಂಬುತ್ತದೆ. ಕಾಫಿಪುಡಿ ಅಂಗಡಿಯಲ್ಲಿ ಪರಿಮಳಕ್ಕೆ ಅರೇಬಿಕಾ, ಗಟ್ಟಿತನಕ್ಕೆ ರೊಬಸ್ಟಾ ಎಂದು ಹೇಳಿ ಹಾಕಿಸಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್‌ಫೋಲ್ಡ್ಸ್ ಎಂಬ ಇಲ್ಲಿಯ ವೈನ್ ಕಂಪನಿಯವರ ಬಿನ್ 389 ಎಂಬ ಇಂಥದೇ ಜೋಡಿ 1960ರಿಂದ ಇದೆ. ಅವರ ದುಬಾರಿ ವೈನ್ ಗ್ರೇಂಜ್ ಇದ್ದುಹೋದ ಪೀಪಾಯಿಗಳಲ್ಲಿ ಇದನ್ನು ಮಾಗಿಸುವುದರಿಂದ ಜನ ಬೇಬಿ ಗ್ರೇಂಜ್ ಅನ್ನುತ್ತಾರೆ. ಅಣ್ಣ ಹಾಕಿಬಿಟ್ಟ ಅಂಗಿಗಳಲ್ಲೇ ಬೆಳೆದವನು ನಾನು. ಕುಡಿಯದೆಯೇ ಅದರ ಮೇಲೆ ಪ್ರೀತಿ ಹುಟ್ಟಿತು.

ಬಣ್ಣಕ್ಕೆ 3ಕ್ಕೆ 3 ಕೊಟ್ಟೆ. ಬಿಳಿ ಕಾಗದದ ಮೇಲೆ ಗ್ಲಾಸು ಓರೆ ಮಾಡಿದರೆ ನಡುವೆ ಕಪ್ಪು, ಅಂಚಿನಲ್ಲಿ ಕೆಂಪು. ನನಗೆ ಆ ಬಣ್ಣ ಹೊಸದಲ್ಲ. ಸುಲಿದ ಅಡಿಕೆ ಹಂಡೆಯಲ್ಲಿ ಬೆಂದು ಬೆಂದು ಉಳಿಯುವ ಚೊಗರಿನ ಬಣ್ಣ.

ವಾಸನೆಗೆ ಬಂದಾಗ ಕಷ್ಟವಾಯಿತು. ಆಕೆ ಕೊಟ್ಟ ಕಾರ್ಡಿನಲ್ಲಿ ಬ್ಲ್ಯಾಕ್ ಕರಂಟ್, ದೇವದಾರು, ಸಿಗಾರ್ ಡಬ್ಬಿ ಎಂದೆಲ್ಲ ಇತ್ತು. ಬ್ಲ್ಯಾಕ್ ಕರಂಟ್ ನನಗೆ ಗೊತ್ತಿರುವುದು ಮದುವೆಮನೆಯ ಐಸ್‌ಕ್ರೀಮಿನಲ್ಲಿ ಮಾತ್ರ. ಸಿಗಾರ್ ಡಬ್ಬಿಯನ್ನಂತೂ ಮೂಸಿದವನಲ್ಲ. ಉತ್ತರಸೂಚಿಯನ್ನು ಮಗುಚಿಟ್ಟು ನನ್ನದೇ ಮೂಗು ಹಾಕಿದೆ. ಮೊದಲು ಬಂದದ್ದು ಮಳೆ ಬಿದ್ದ ಮಾರನೆಯ ದಿನ ಮರದಡಿ ಒಡೆದು ಬಿದ್ದ ನೇರಳೆ ಹಣ್ಣು. ಗ್ಲಾಸು ಇನ್ನೊಂದು ಸುತ್ತು ತಿರುಗಿಸಿದಾಗ, ಅರೆ! ಅಂಗಳದ ಚಾಪೆಯ ಮೇಲೆ ಕಾಳುಮೆಣಸು. ಒಣಗಿ ಕಪ್ಪಾದದ್ದಲ್ಲ, ಕುಯ್ದು ಎರಡು ದಿನವಾಗಿ ಇನ್ನೂ ಹಸಿ ಬಿಡದ ಮೆಣಸು.

"ಮೆಣಸು ಉಂಟು," ಎಂದೆ.

"ನಂಗೆ ಬರ್ತಾ ಇಲ್ಲ ಮಾವ. ಯಾವತ್ತೂ ಬರೂದಿಲ್ಲ," ಎಂದ ಅಳಿಯ.

ಕಟ್ಟೆಯಾಚೆಗಿದ್ದಾಕೆಗೆ ಇಂಗ್ಲಿಷಿನಲ್ಲಿ ಹೇಳಿದಾಗ ಆಕೆಯ ಮುಖ ಅರಳಿತು. ಇಬ್ಬರೂ ಸರಿಯಂತೆ. ಶಿರಾಜಿಗೆ ಮೆಣಸಿನ ವಾಸನೆ ಕೊಡುವುದು ರೊಟಂಡೋನ್ ಎಂಬ ವಸ್ತು. 2008ರಲ್ಲಿ ಅದನ್ನು ಬಯಲಿಗೆ ತಂದದ್ದು ಅಡಿಲೇಡಿನಲ್ಲೇ ಇರುವ ಆಸ್ಟ್ರೇಲಿಯದ ವೈನ್ ಸಂಶೋಧನಾ ಸಂಸ್ಥೆ. ಕಾಳುಮೆಣಸಿನಲ್ಲಿರುವುದೂ ಅದೇ ರೊಟಂಡೋನ್. ಅದರ ವಾಸನೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಹತ್ತುವುದೇ ಇಲ್ಲ. ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗಳ ನಡುವೆ ಹುಟ್ಟಿದ ಹುಡುಗ, ಆ ಒಬ್ಬನಾಗಿಬಿಟ್ಟಿದ್ದ! 7ಕ್ಕೆ 6 ಹಾಕಿದೆ.

ಇನ್ನು ಬಾಯಿ. ಒಂದು ಗುಟುಕು ತೆಗೆದುಕೊಂಡು, ಗಾಳಿಯನ್ನೂ ಸೇರಿಸಿ ಸೊರ್ ಎಂದು ಎಳೆಯಬೇಕು. ಸಾರು ಸೊರ್ರೆನ್ನಿಸಿದರೆ ಬೈಯಿಸಿಕೊಂಡು ಬೆಳೆದವರಿಗೆ ಇದೊಂದು ಬಿಡುಗಡೆಯೇ. ಕಾರು ಓಡಿಸಬೇಕಾದ ಅಳಿಯ ಬಕೆಟ್ಟಿಗೆ ಉಗುಳಿದ, ಕವಳ ಹಾಕಿದ ಅಜ್ಜನ ಗುರಿ ಅವನಿಗೆ ಬಂದಿಲ್ಲ. ಆಕೆ "ಟ್ಯಾನಿನ್" ಎಂದು ಹೇಳಿ, ಒಸಡಿನ ಮೇಲೆ ಬೆರಳಾಡಿಸಿ, ನಾಲಿಗೆ ಒಣಗಿದಂತೆ ನಟಿಸಿ ಏನೋ ವಿವರಿಸತೊಡಗಿದಳು. ಅಷ್ಟು ಒದ್ದಾಟ ಯಾಕೆ, ನಮ್ಮಲ್ಲಿ ಎಳೆ ಅಡಿಕೆ ಕಚ್ಚಿದ ಮಗುವೂ ಹೇಳುತ್ತದೆ: ಒಗರು. ಒಳ್ಳೆಯ ಒಗರು ಅದು, ಮೈ ಹಿಡಿಯುವಂಥದ್ದು. ಆದರೆ ನುಂಗಿದ ಮೇಲೆ ಗಂಟಲು ಬಿಸಿಯಾಯಿತು. ಸೀಸೆ ತಿರುಗಿಸಿದರೆ ಆಲ್ಕೊಹಾಲ್ ಶೇಕಡಾ 14.5 ಎಂದಿತ್ತು. ಹಣ್ಣಿನ ಸಿಹಿಯೂ ಕೊನೆಕೊನೆಗೆ ಜಾಮಿನ ಕಡೆ ವಾಲಿತು. 10ಕ್ಕೆ 7.5. ಒಟ್ಟು 16.5, ಕಂಚು. ಒಂದು ಸೀಸೆ ಕೊಂಡೆವು.

ರಾತ್ರಿ ಮನೆಯಲ್ಲಿ ಆ ಹುಡುಗಿ ರಾಜ್ಮಾ ಮಾಡಿದ್ದಳು. ನಾನು ಏರ್‌ಪೋರ್ಟಿನಲ್ಲಿ ಡಿಕ್ಲೇರ್ ಮಾಡಿ ತಂದಿದ್ದ ಊರಿನ ಮೆಣಸನ್ನು ಕುಟ್ಟಿ, ಯಾರೂ ಹೇಳದೆ ಮೇಲಿಂದ ಉದುರಿಸಿದ್ದಳು. ಎರಡು ತುತ್ತಿನ ನಂತರ ವೈನ್ ಬಾಯಿಗಿಟ್ಟರೆ ಆ ಬಿಸಿ ಎಲ್ಲಿ ಹೋಯಿತೋ, ಒಗರು ಹದಕ್ಕೆ ಬಂದಿತ್ತು. ಜಾಮು ಇನ್ನೂ ಸ್ವಲ್ಪ ಇತ್ತು, ಸುಳ್ಳು ಹೇಳಬಾರದು. "ಹೇಗಿದೆ ಮಾವ?" ಎಂದಳು, ಕಲಿತ ಕನ್ನಡದಲ್ಲಿ. ಜೇಬಿನಿಂದ ಕಾರ್ಡು ತೆಗೆದು 16.5 ಹೊಡೆದುಹಾಕಿ 17 ಎಂದು ಬರೆದೆ. ಪಕ್ಕದಲ್ಲಿ ಸಹಿಯನ್ನೂ ಹಾಕಿದೆ. ತಿದ್ದಿದ ಕಡೆ ಸಹಿ ಇಲ್ಲದ ಅಂಕವನ್ನು ನಮ್ಮಲ್ಲಿ ಒಪ್ಪುವುದಿಲ್ಲ.